ಮುಚ್ಚಬೇಕಾದ ಬಾಗಿಲು

ಹಬ್ಬದ ದಿನ ಹೋಳಿಗೆಯ ಊಟ ಮುಗಿಸಿ ಮನೆಯವರು ತಾಂಬೂಲಕ್ಕೆ ಕುಳಿತಿರುವಾಗಲೇ, ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಬೇರೊಂದು ಕಾರ್ಯ ಆರಂಭವಾಗಿರುತ್ತದೆ. ಅಲ್ಲಿಯ ಬೀಟಾ ಜೀವಕೋಶಗಳು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಎಂಬ ಹಾರ್ಮೋನನ್ನು ಮೊದಲೇ ತಯಾರಿಸಿ, ಅತಿಸೂಕ್ಷ್ಮವಾದ ಚೀಲಗಳಲ್ಲಿ ತುಂಬಿಟ್ಟಿರುತ್ತವೆ. ಒಂದೊಂದು ಕೋಶದಲ್ಲಿಯೂ ಇಂಥ ಚೀಲಗಳು ಸುಮಾರು 10,000. ಅವನ್ನು ಬಿಚ್ಚುವುದು ಯಾವಾಗ? ಹೊತ್ತಲ್ಲದ ಹೊತ್ತಿನಲ್ಲಿ ಬಿಚ್ಚಿದರೆ ಉಪವಾಸವಿರುವವರು ಸಕ್ಕರೆ ಸಾಲದೆ ಮೂರ್ಛೆ ಹೋದಾರು. ಬಿಚ್ಚದೆಯೇ ಹೋದರೆ ಮಧುಮೇಹ.

ಈ ತೀರ್ಮಾನ ಕೋಶದ ಪೊರೆಯಲ್ಲಿರುವ ಎರಡು ಬಗೆಯ ಬಾಗಿಲುಗಳಿಗೆ ಸೇರಿದ್ದು. ವಿದ್ಯುದಂಶವುಳ್ಳ ಕಣಗಳು, ಎಂದರೆ ಅಯಾನುಗಳು, ಅವುಗಳ ಮೂಲಕ ಹಾಯುತ್ತವೆ. ಉಪವಾಸದಲ್ಲಿ ಪೊಟ್ಯಾಸಿಯಂ ಬಾಗಿಲು ತೆರೆದಿರುತ್ತದೆ. ಆ ಅಯಾನುಗಳು ಹೊರಗೆ ಹರಿಯುತ್ತಿರುವವರೆಗೆ ಕೋಶ ಶಾಂತ. ಊಟದ ಸಕ್ಕರೆ ಕೋಶದಲ್ಲಿ ಉರಿದು ಎ.ಟಿ.ಪಿ. ಎಂಬ ಶಕ್ತಿದ್ರವ್ಯ ಹೆಚ್ಚಿದೊಡನೆ ಆ ಬಾಗಿಲು ಮುಚ್ಚುತ್ತದೆ. ಸಕ್ಕರೆಯಿಂದ ಹೀಗಾಗುವುದನ್ನು ಫ್ರಾನ್ಸಿಸ್ ಆಶ್‌ಕ್ರಾಫ್ಟ್ ಎಂಬ ಮಹಿಳೆ ಮತ್ತು ಅವರ ಸಂಗಡಿಗರು 1984ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಂಡುಹಿಡಿದರು. ಪೊಟ್ಯಾಸಿಯಂ ಒಳಗೇ ಉಳಿದು ಪೊರೆಯ ವಿದ್ಯುತ್ ಸ್ಥಿತಿ ಬದಲಾದೊಡನೆ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಒಳನುಗ್ಗಿದ ಕ್ಯಾಲ್ಸಿಯಮ್ಮಿನ ಪ್ರಚೋದನೆಯಿಂದ, ಅಂಚಿನಲ್ಲಿ ಸಿದ್ಧವಾಗಿ ನಿಂತ ಚೀಲಗಳು ಪೊರೆಯೊಡನೆ ಬೆಸೆದು ಬಾಯಿ ಬಿಡುತ್ತವೆ. ಇನ್ಸುಲಿನ್ ರಕ್ತವನ್ನು ಸೇರುತ್ತದೆ.

ಪೊಟ್ಯಾಸಿಯಂ ಬಾಗಿಲು ಮುಚ್ಚಲಾರದೆ ಹೋದರೆ? ಹುಟ್ಟಿದ ಆರು ತಿಂಗಳೊಳಗೇ ಮಧುಮೇಹಕ್ಕೆ ಗುರಿಯಾಗುವ ಕೂಸುಗಳಲ್ಲಿ ಹಲವಕ್ಕೆ ಇದೇ ಕಾರಣವೆಂದು ಇಂಗ್ಲೆಂಡಿನ ಎಕ್ಸೆಟರ್ ನಗರದ ಆಂಡ್ರೂ ಹ್ಯಾಟರ್ಸ್ಲಿ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಇಂಥ ಕೂಸುಗಳ ಕೋಶಗಳಲ್ಲಿ ಇನ್ಸುಲಿನ್ ಉಂಟು. ಬಿಚ್ಚುವ ಅಪ್ಪಣೆ ಮಾತ್ರ ಬಾರದು. ಅಂದಿನವರೆಗೆ ಅವಕ್ಕೆ ದಿನವೂ ಸೂಜಿಮದ್ದೇ ಗತಿಯಾಗಿತ್ತು.

ಪರಿಹಾರ ಹಳೆಯ ಮಾತ್ರೆಯೊಂದರಲ್ಲಿ ದೊರೆಯಿತು. 1950ರ ದಶಕದಿಂದಲೂ ದೊಡ್ಡವರ ಮಧುಮೇಹಕ್ಕೆ ಕೊಡುತ್ತಿದ್ದ ಸಲ್ಫೊನೈಲ್‌ಯೂರಿಯ ಜಾತಿಯ ಔಷಧಿ, ಎ.ಟಿ.ಪಿ.ಯ ಹಂಗಿಲ್ಲದೆ ಅದೇ ಬಾಗಿಲನ್ನು ಮುಚ್ಚಬಲ್ಲುದು. 2006ರ ವರದಿಯಂತೆ, ಈ ದೋಷವಿದ್ದು ಆ ಮಾತ್ರೆ ಪಡೆದ 49 ರೋಗಿಗಳಲ್ಲಿ 44 ಮಂದಿಗೆ ಇನ್ಸುಲಿನ್ ಚುಚ್ಚುಮದ್ದಿನ ಅಗತ್ಯವೇ ತಪ್ಪಿತು.

ಎಲ್ಲ ಮಕ್ಕಳ ಮಧುಮೇಹಕ್ಕೂ ಈ ಮಾತು ಸಲ್ಲದು. ವೈದ್ಯರ ಅಪ್ಪಣೆಯಿಲ್ಲದೆ ಸೂಜಿಯನ್ನು ನಿಲ್ಲಿಸುವುದು ಪ್ರಾಣಾಪಾಯ. ಆದರೆ ಆರು ತಿಂಗಳು ತುಂಬುವ ಮೊದಲೇ ಈ ರೋಗ ಕಂಡ ಕೂಸಿಗೆ, ಅದು ಈಗ ಬೆಳೆದು ದೊಡ್ಡದಾಗಿದ್ದರೂ, ವಂಶವಾಹಿಯ ಪರೀಕ್ಷೆಯೊಂದನ್ನು ಮಾಡಿಸುವುದು ತಾಯ್ತಂದೆಯರ ಕರ್ತವ್ಯ.