ಮೂರ್ತಿ ಕದಲಿದಾಗ ಸಮಿತಿ ಎಲ್ಲಿತ್ತು?

ಸಂಸತ್ತಿನ ಅಂಗಳದ ಮೂರ್ತಿಗಳಿಗೆ ಕಾಯ್ದೆಯೇ ಬೇಕು. ಸಭಾಧ್ಯಕ್ಷರ ವಿವೇಚನೆಯೊಂದೇ ಸಾಲದು. ಆ ಮೂರ್ತಿಗಳನ್ನು ಒಂದೆಡೆ ಸೇರಿಸಿದ ‘ಪ್ರೇರಣಾ ಸ್ಥಳ’ 2024ರ ಜೂನ್ 16ರಂದು ಉದ್ಘಾಟನೆಯಾದಾಗಿನಿಂದ ಚರ್ಚೆಯೆಲ್ಲ ಗಾಂಧಿ, ಅಂಬೇಡ್ಕರರನ್ನು ಹಿತ್ತಲಿಗೆ ತಳ್ಳಿದರೋ, ಗೌರವದಿಂದ ಒಂದೆಡೆ ಕೂರಿಸಿದರೋ ಎಂಬಲ್ಲೇ ಗಿರಕಿ ಹೊಡೆಯುತ್ತಿದೆ. ರಾಮ್ ಸುತಾರ್ ರೂಪಿಸಿದ ಧ್ಯಾನಸ್ಥ ಗಾಂಧಿಯ ಎದುರು ವಿರೋಧ ಪಕ್ಷದವರು ಫಲಕ ಹಿಡಿದು ನಿಲ್ಲುತ್ತಿದ್ದರು. ಆ ಜಾಗ ತಪ್ಪಿದ್ದಕ್ಕೆ ಅವರಿಗೆ ಸಿಟ್ಟು ಬಂದದ್ದು ಸಹಜ. ಆದರೆ ಎಲ್ಲರೂ ದಾಟಿಹೋದ ತಾರೀಖು ಬೇರೆಯೇ ಇದೆ: 2018ರ ಡಿಸೆಂಬರ್ 18. ಭಾವಚಿತ್ರ ಮತ್ತು ಪ್ರತಿಮೆಗಳ ಸಂಸದೀಯ ಸಮಿತಿ ಕೊನೆಯ ಸಲ ಕೂತದ್ದು ಅಂದು ಎಂದು ಕಾಂಗ್ರೆಸ್‌ನ ಜೈರಾಮ್ ರಮೇಶ್ ಹೇಳಿದರು. ಆಮೇಲೆ 17ನೇ ಲೋಕಸಭೆಯ ಐದೂ ವರ್ಷ ಆ ಸಮಿತಿಯನ್ನು ರಚಿಸಲೇ ಇಲ್ಲ. ಅಂದರೆ ಮೂರ್ತಿ ಎತ್ತುವ ಹೊತ್ತಿಗೆ ಬೇಡ ಎನ್ನಬಲ್ಲವರಷ್ಟೇ ಅಲ್ಲ, ಹೌದು ಎನ್ನಬೇಕಾದವರೂ ಇರಲಿಲ್ಲ.

ಬೀದರ್ ಸೀಮೆಗೆ ಇದು ದೂರದ ದೆಹಲಿಯ ಜಗಳವಲ್ಲ. ಅದೇ ಆವರಣದಲ್ಲಿ ಬಸವಣ್ಣನ ಪ್ರತಿಮೆಯೂ ಇದೆ. 2003ರ ಏಪ್ರಿಲ್ 28ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅನಾವರಣ ಮಾಡಿದ್ದು. ಗಾಂಧಿಯನ್ನೇ ಯಾರನ್ನೂ ಕೇಳದೆ ಕದಲಿಸಬಹುದಾದರೆ, ಬಸವಣ್ಣ ಎಲ್ಲಿರಬೇಕೆಂಬ ವಿಷಯದಲ್ಲಿ ಕಮಠಾಣದ, ಭಾಲ್ಕಿಯ ಮಾತಿರಲಿ, ಕರ್ನಾಟಕದ ಮಾತಿಗಾದರೂ ಏನು ಬೆಲೆ? ಕಾಕತಾಳೀಯ ನೋಡಿ, ಅದೇ 2003ರಲ್ಲಿ ಅಮೆರಿಕದ ಕನ್ಸಾಸ್ ರಾಜ್ಯ ತನ್ನ ಹಳೆಯ ಪ್ರತಿಮೆ ತೆಗೆದು ಐಸೆನ್‌ಹೋವರ್‌ನದನ್ನು ಆ ದೇಶದ ಸಂಸತ್ ಭವನವಾದ ಕ್ಯಾಪಿಟಲ್‌ನಲ್ಲಿ ಇಟ್ಟಿತು. ಅಲ್ಲಿ 1864ರ ಕಾಯ್ದೆಯಂತೆ ರಾಜ್ಯಕ್ಕೆರಡು ಮೂರ್ತಿ. 2000ದ ತಿದ್ದುಪಡಿಯಂತೆ ಬದಲಿಸಬೇಕಾದರೆ ಮೂರ್ತಿ ಸಾಮಾನ್ಯವಾಗಿ 10 ವರ್ಷವಾದರೂ ನಿಂತಿರಬೇಕು, ರಾಜ್ಯದ ಶಾಸನಸಭೆ ನಿರ್ಣಯ ಮಾಡಬೇಕು, ಗವರ್ನರ್ ಒಪ್ಪಬೇಕು, ಖರ್ಚೂ ರಾಜ್ಯದ್ದೇ. ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿಯಾಗಿದ್ದ ಜನರಲ್ ಲೀಯ, 111 ವರ್ಷ ನಿಂತಿದ್ದ ಕಂಚಿನ ಮೂರ್ತಿ 2020ರ ಡಿಸೆಂಬರ್ 21ರಂದು ನಸುಕಿನಲ್ಲೇ ಹೊರಬಿತ್ತು. ಕತ್ತಲಲ್ಲಿ ಸಾಗಿಸಿದರೂ ಕದ್ದುಮುಚ್ಚಿ ಮಾಡಿದ ಕೆಲಸವಲ್ಲ. ವರ್ಜೀನಿಯಾ ಅದಕ್ಕೆಂದೇ ನೇಮಿಸಿದ ಆಯೋಗ ಐದು ತಿಂಗಳ ಹಿಂದೆಯೇ ಸರ್ವಾನುಮತದಿಂದ ತೀರ್ಮಾನಿಸಿತ್ತು.

ಆ ಕಾಯ್ದೆಯಿಂದಲೇ ಗುಲಾಮಗಿರಿ ಸಮರ್ಥಿಸಿದ, ಮಿಸಿಸಿಪಿ ರಾಜ್ಯ ಇಟ್ಟ ಜೆಫರ್ಸನ್ ಡೇವಿಸ್ ಇನ್ನೂ ಅಲ್ಲಿದ್ದಾನಲ್ಲ ಎನ್ನಬಹುದು. ನಿಜ. ಅಂಥವರನ್ನು ತೆಗೆಯುವ ಮಸೂದೆ 2021ರಲ್ಲಿ ಕೆಳಮನೆಯಲ್ಲಿ 285–120ರಿಂದ ಗೆದ್ದರೂ ಸೆನೆಟ್ ದಾಟಲಿಲ್ಲ. ಆದರೆ ಅವನು ಏಕಿದ್ದಾನೆ ಎಂದು ಮಿಸಿಸಿಪಿಯ ಶಾಸಕರ ಕೊರಳಪಟ್ಟಿ ಹಿಡಿದು ಕೇಳಬಹುದು. ನಾವು ಯಾರದ್ದು ಹಿಡಿಯುವುದು? ಸ್ಥಾವರವನ್ನೇ ಒಪ್ಪದ ಶರಣರ ನಾಡಿನವರಿಗೆ ಮೂರ್ತಿಯ ಜಾಗದ ಚಿಂತೆಯೇಕೆ ಎಂಬ ಕೊಂಕೂ ಉಂಟು. (108 ಅಡಿಯ ಬಸವಣ್ಣನನ್ನು ಬಸವಕಲ್ಯಾಣದಲ್ಲಿ ಕೂರಿಸಿದವರು ಇದಕ್ಕೆ ತಡವರಿಸಿಯಾರು.) ಇಲ್ಲಿರುವುದು ಪೂಜೆಯ ಪ್ರಶ್ನೆಯಲ್ಲ, ಕೂತು ಮಾತಾಡಿ ತೀರ್ಮಾನಿಸುವ ಪ್ರಶ್ನೆ. 2020ರ ಡಿಸೆಂಬರ್ 10ರಂದು ಹೊಸ ಸಂಸತ್ತಿಗೆ ಅಡಿಗಲ್ಲಿಡುವಾಗ ಪ್ರಧಾನಿ, ಶರಣರು ಕೂತು ಚರ್ಚಿಸುತ್ತಿದ್ದ ಅನುಭವ ಮಂಟಪವನ್ನು ಕೊಂಡಾಡಿದ್ದರು. ಅಂದು ಕೂಡ ಪ್ರತಿಮೆಗಳ ಸಮಿತಿ ಇರಲಿಲ್ಲ.

ಮೂರ್ತಿಗಳ ಕಾಯ್ದೆಗಾಗಿ ಬೀದರ್ ಸಂಸದರು ಖಾಸಗಿ ಸದಸ್ಯರ ಮಸೂದೆಯೊಂದನ್ನು ತರಲಿ. 1970ರಿಂದೀಚೆಗೆ ಒಂದೂ ಖಾಸಗಿ ಮಸೂದೆ ಕಾಯ್ದೆಯಾಗಿಲ್ಲ, ಇದೂ ಆಗಲಿಕ್ಕಿಲ್ಲ. ಆದರೆ ಚರ್ಚೆಗೆ ಬಂದರೆ ಸಮಿತಿಯನ್ನು ಏಕೆ ರಚಿಸಲಿಲ್ಲ ಎಂಬುದಕ್ಕೆ ಸಚಿವರೊಬ್ಬರು ಎದ್ದು ನಿಂತು ಏನಾದರೊಂದು ಹೇಳಬೇಕಾಗುತ್ತದೆ, ಅದು ಕಡತ ಸೇರುತ್ತದೆ.