ಅನಾಥ ಹಾಡಿನ ವಾರಸುದಾರರು

2011ರ ಕೊರಿಯನ್ ಚಿತ್ರ ‘ವೈಟ್’ ನೋಡುವಾಗ ನನ್ನೊಳಗಿನ ವಕೀಲನೇ ಮೊದಲು ಎಚ್ಚೆತ್ತನು. ಹೆಸರು ಗಳಿಸದ ‘ಪಿಂಕ್ ಡಾಲ್ಸ್’ ಎಂಬ ಗಾಯಕಿಯರ ತಂಡ. ಹಿಂದೊಮ್ಮೆ ಬೆಂಕಿಗೆ ತುತ್ತಾಗಿದ್ದ ಕಟ್ಟಡದಲ್ಲಿ ಅವರ ಹೊಸ ಸ್ಟುಡಿಯೊ. ಅಲ್ಲಿ ಉನ್‌ಜುವಿಗೆ ದೊರೆತ ಹಳೆಯ ವಿಡಿಯೊ ಟೇಪು. ಹಾಡು ಯಾರದೆಂದು ತಿಳಿಯದಿದ್ದರೂ ಸಂಸ್ಥೆ ಅದನ್ನು ಹಾಡಿಸಿ ಗೆಲ್ಲುತ್ತದೆ. ಆಮೇಲೆ ಮುಖ್ಯ ಗಾಯಕಿಯಾದವಳಿಗೆಲ್ಲ ಅಪಘಾತ.

ಟೇಪು ಕೈಗೆ ಸಿಕ್ಕಿದ ಮಾತ್ರಕ್ಕೆ ಹಾಡು ನಮ್ಮದಾಗದು. ಭಾರತದಲ್ಲಿ ಕೃತಿಸ್ವಾಮ್ಯವು ಕರ್ತೃವಿನ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಅಜ್ಞಾತ ಕರ್ತೃವಿಗೂ ಹಕ್ಕುಂಟು. ನಿರ್ದೇಶಕರಾದ ಕಿಮ್ ಗೋಕ್, ಕಿಮ್ ಸನ್ ಸಹೋದರರು ಆ ದಾವೆಯನ್ನು ಪ್ರೇತದ ಕೈಗೊಪ್ಪಿಸಿದ್ದಾರೆ. ಆದರೂ ನಾನು ಬೆದರಿದ್ದು ಪ್ರೇತಕ್ಕಲ್ಲ. ಗೆಳತಿ ಆಸ್ಪತ್ರೆ ಸೇರಿದೊಡನೆ ಅವಳ ಜಾಗಕ್ಕಾಗಿ ಕಾದಾಡುವ ಆ ಹುಡುಗಿಯರ ಕಣ್ಣುಗಳಿಗೆ.