ನಾಲ್ಕು ಅಣೆಕಟ್ಟು, ಒಂದೇ ಬಾಗಿಲು

ಜುಲೈ ಬಂತೆಂದರೆ ಪುಣೆಯಲ್ಲಿ ನಾವು ಕನ್ನಡಿಗರೂ ಮರಾಠಿ ಪೇಪರಿನಲ್ಲಿ ಮೊದಲು ಹುಡುಕುವುದು ಅಣೆಕಟ್ಟು ಎಷ್ಟು ತುಂಬಿತು ಅಂತ. ಪಾನ್‌ಶೇತ್, ವರಸಗಾಂವ್, ಟೇಮ್‌ಘರ್, ಖಡಕ್‌ವಾಸ್ಲಾ... ನಾಲ್ಕಿವೆಯಲ್ಲ, ಚಿಂತೆ ಏನು ಅಂತೀರಾ? ಮೇಲಿನ ಮೂರರ ನೀರೂ ಇಳಿದು ಬರುವುದು ಖಡಕ್‌ವಾಸ್ಲಾಕ್ಕೇ. (ಪೂರ್ವದ ಬಡಾವಣೆಗಳಿಗೆ ಭಾಮಾ ಆಸ್ಖೇಡ್ ನೀರು ಬಂದಿದೆ ಬಿಡಿ.) 1961ರ ಜುಲೈ 12ರಂದು ಪಾನ್‌ಶೇತ್ ಒಡೆದ ರಭಸಕ್ಕೆ ಕೆಳಗಿನ ಖಡಕ್‌ವಾಸ್ಲಾವೂ ಒಡೆಯಿತು, ಊರೇ ಮುಳುಗಿತು. ಒಂದರ ಅಪಾಯ ಇನ್ನೊಂದಕ್ಕೆ ಅಂಟಿಕೊಂಡಿರುವಾಗ ನಾಲ್ಕು ಅಂತ ಎಣಿಸಿ ಸಮಾಧಾನಪಡುವುದು ಯಾವ ಲೆಕ್ಕ?

ಕಟ್ಟೆ ತುಂಬಿದರೂ ಭರವಸೆ ಇಲ್ಲ. 2025ರ ಜನವರಿಯಲ್ಲಿ ಜಿಬಿಎಸ್ ಕಾಯಿಲೆ ಹೆಚ್ಚಾಗಿ ಕಾಣಿಸಿದ್ದು ಸಿಂಹಗಡ ರಸ್ತೆಯ ಕಡೆ, ಅಣೆಕಟ್ಟಿನ ಮಗ್ಗುಲಲ್ಲೇ! ಅನುಮಾನ ಹೋದದ್ದು ಕುಡಿಯುವ ನೀರಿನ ಮೇಲೆ. ಪೇಪರಿನವರು ಅಣೆಕಟ್ಟಿನ ಶೇಕಡಾ ಲೆಕ್ಕದ ಜೊತೆ, ಲೈನಿನ ಕಟ್ಟಕಡೆಯ ಮನೆಗೆ ಎಷ್ಟು ದಿನ, ಎಂಥ ನೀರು ಬಂತು ಅಂತಲೂ ಹಾಕಲಿ. ಟ್ಯಾಂಕರಿಗೆ ಫೋನ್ ಮಾಡುವ ಮುಂಚೆ ಪಾಲಿಕೆಯನ್ನು ನಾವೂ ಅದನ್ನೇ ಕೇಳೋಣ.